ಒಂದೇ ಸಲ ಬರೆಯೋಕೆ ಎಷ್ಟು ಸಲ ಬರೆಯಬೇಕು?

2003ರಲ್ಲಿ ರಾಲ್ಫ್ ಲೆಮ್ಮೆಲ್, ಸೈಮನ್ ಪೇಟನ್ ಜೋನ್ಸ್ ಅನ್ನೋ ಇಬ್ಬರು ಇಡೀ ಕಂಪನಿಯ ಸಂಬಳವನ್ನು ಒಂದೆರಡು ಸಾಲಿನಲ್ಲಿ ಏರಿಸಿಬಿಟ್ಟರು. ಹ್ಯಾಸ್ಕೆಲ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಪ್ರಬಂಧವೊಂದರ ಉದಾಹರಣೆಗೆ ಅಂತ ಕಟ್ಟಿದ ಕಂಪನಿಯಲ್ಲಿ. ಇಲಾಖೆ, ಅದರೊಳಗೆ ಉಪ ಇಲಾಖೆ, ಅದರೊಳಗೆ ಮ್ಯಾನೇಜರು, ಎಷ್ಟೇ ಆಳದಲ್ಲಿ ಕೂತಿರಲಿ, ಅವರು ಬರೆದ ಫಂಕ್ಷನ್ (ಕೋಡಿನ ತುಂಡು) ಹೋಗಿ ಸಿಕ್ಕಿದ್ದನ್ನೆಲ್ಲ 'ನೀನು ಸಂಬಳವಾ?' ಅಂತ ಕೇಳುತ್ತದೆ, ಹೌದು ಅಂದರೆ ಏರಿಸುತ್ತದೆ, ಇಲ್ಲ ಅಂದರೆ ಸುಮ್ನೆ ಮುಂದಕ್ಕೆ ಹೋಗುತ್ತದೆ. ವೇತನ ಆಯೋಗ ಬೇಡ, ಮುಷ್ಕರದ ನೋಟಿಸೂ ಬೇಡ. ಹಾಸನದ ಸರ್ಕಾರಿ ನೌಕರರ ಕಿವಿಗೆ ಇದಿನ್ನೂ ಬಿದ್ದಿಲ್ಲ. ಬಿದ್ದಿದ್ದರೆ ಡಿಸಿ ಆಫೀಸ್ ಮುಂದೆ 'ಹ್ಯಾಸ್ಕೆಲ್ ಜಾರಿ ಮಾಡಿ' ಅಂತ ಧರಣಿ ಕೂರುತ್ತಿದ್ದರು.

ಇದಕ್ಕೆ ಜೆನೆರಿಕ್ ಪ್ರೋಗ್ರಾಮಿಂಗ್ ಅಂತಾರೆ. ಹೊಸ ಟೈಪ್, ಅಂದರೆ ಡೇಟಾದ ಹೊಸ ಬಗೆ, ಹುಟ್ಟಿದಾಗಲೆಲ್ಲ ಅದನ್ನು ತೋರಿಸುವ, ಹೋಲಿಸುವ, ಸುತ್ತಿ ಬರುವ ಕೋಡನ್ನು ಮತ್ತೆ ಮತ್ತೆ ಬರೆಯಬೇಡಿ, ಟೈಪಿನ ಆಕಾರ ನೋಡಿ ಒಂದೇ ಸಲ ಬರೆದುಬಿಡಿ ಅನ್ನೋದು ಆಸೆ. ಒಳ್ಳೇ ಆಸೆಯೇ. ಆದರೆ ಆ ಒಂದೇ ಸಲ ಬರೆಯುವ ವಿಧಾನವನ್ನು ಎಷ್ಟು ಸಲ ಬರೆದರು ಗೊತ್ತಾ? 1997ರಲ್ಲಿ ಪಾಲಿಪಿ ಬಂತು. ಆಮೇಲೆ ಜೆನೆರಿಕ್ ಹ್ಯಾಸ್ಕೆಲ್, ಈ ಸಂಬಳದವರು, ರೆಪ್‌ಲಿಬ್, ಇಎಂಜಿಎಂ, ಯೂನಿಪ್ಲೇಟ್... 2008ರ ಹೊತ್ತಿಗೆ ಇವುಗಳಲ್ಲಿ ಯಾವುದು ವಾಸಿ ಅಂತ ನೋಡೋಕೇ ಒಂದು ಸಂಶೋಧನಾ ಪ್ರಬಂಧ ಬೇಕಾಯಿತು! 2011ರಲ್ಲಿ ಜಿಎಚ್‌ಸಿ, ಅಂದರೆ ಹ್ಯಾಸ್ಕೆಲ್ ಕೋಡನ್ನು ಯಂತ್ರಕ್ಕೆ ಅರ್ಥವಾಗುವಂತೆ ಮಾಡುವ ಕಂಪೈಲರ್, ಅದರ ಜೊತೆಗೇ ಒಂದು ಬಂತು. ಸದ್ಯ, ಮುಗೀತು ಅಂದುಕೊಂಡರೆ 2014ರಲ್ಲಿ ಜೆನೆರಿಕ್ಸ್-ಎಸ್‌ಒಪಿ ಅನ್ನೋ ಇನ್ನೊಂದು.

ನಗಬೇಡಿ. ಎಲ್ಲ ಸೇವೆಯೂ ಒಂದೇ ಕಡೆ ಅಂತ ನಮ್ಮ ರಾಜ್ಯದಲ್ಲೂ ನಾಡಕಚೇರಿ, ಬಾಪೂಜಿ ಸೇವಾ ಕೇಂದ್ರ, ಕರ್ನಾಟಕ ಒನ್, ಗ್ರಾಮ ಒನ್, ಸೇವಾ ಸಿಂಧು ಎಲ್ಲ ಇವೆ. ಆ 'ಒಂದೇ ಕಡೆ' ಯಾವ ಕಡೆ ಅಂತ ಹೇಳೋಕೆ ತಾಲೂಕು ಆಫೀಸ್ ಎದುರಿನ ಜೆರಾಕ್ಸ್ ಅಂಗಡಿಯವರೇ ಬೇಕು.

ಹಾಗಂತ ಎಲ್ಲವೂ ಒಂದೇ ಥರ ಅಲ್ಲ. ಸಂಬಳದ ವಿಧಾನ ಬರೆಯೋಕೆ ಸುಲಭ, ಓಡೋದು ಮಾತ್ರ ನಿಧಾನ, ಯಾಕೆಂದರೆ ಹೆಜ್ಜೆಹೆಜ್ಜೆಗೂ ನಿಂತು ಟೈಪ್ ವಿಚಾರಿಸುತ್ತದೆ. ಅದೂ ಟೈಪೆಲ್ಲ ಓಡೋಕೆ ಮೊದಲೇ ಪಕ್ಕಾ ಅಂತ ಎದೆ ತಟ್ಟಿಕೊಳ್ಳುವ ಭಾಷೆಯಲ್ಲಿ! ಕಂಪೈಲರ್ ಜೊತೆಗಿನದು ನಿಮ್ಮ ಟೈಪನ್ನು ಬಿಚ್ಚಿ 'ಇದು ಇಲ್ಲವೇ ಅದು', 'ಇದೂ ಅದೂ' ಅನ್ನೋ ತುಂಡುಗಳಾಗಿ ಜೋಡಿಸಿಡುತ್ತದೆ. ಚೆನ್ನಾಗಿದೆ. ಒಂದು ಕಡೆ ತಪ್ಪಿದರೆ ಎರರ್ ಮೆಸೇಜ್ ಓದೋಕೆ ಅರ್ಧ ದಿನ ರಜೆ ಹಾಕಬೇಕು, ಅಷ್ಟೇ.

ಓಕ್ಯಾಮ್ಲ್ ಅನ್ನೋ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯವರು ಈ ತಂಟೆಗೆ ಜಾಸ್ತಿ ಹೋಗಲಿಲ್ಲ. ಪಿಪಿಎಕ್ಸ್ ಅನ್ನೋ ಕೋಡ್ ಬರೆಯುವ ಸಾಧನವನ್ನು ಇಟ್ಟುಕೊಂಡು ಅದೇ ಕೋಡನ್ನು ಟೈಪಿಗೊಂದರಂತೆ ಮತ್ತೆ ಮತ್ತೆ ಬರೆಸುತ್ತಾರೆ. ಬರೆಯೋದು ಯಂತ್ರ, ಅದಕ್ಕೇನು ಬೇಜಾರು? ಸಿದ್ಧಾಂತದವರಿಗೆ ಮಾತ್ರ ಇದು ಹಿಡಿಸುವುದಿಲ್ಲ. ಇದರಲ್ಲಿ ಅಷ್ಟೊಂದು ಪ್ರಬಂಧ ಹುಟ್ಟೋದಿಲ್ಲ, ಅಲ್ವಾ?