ಎದೆಗೊಂದು ಪೇಪರ್

ಇಳಿಜಾರಿನಲ್ಲಿ ಸೈಕಲ್ ಓಡುತ್ತಿರುವಾಗ ಮೂಗು ಸೋರತೊಡಗಿದರೆ ಏನು ಮಾಡಬೇಕು? ಎರಡೂ ಕೈ ಬ್ರೇಕಿನ ಮೇಲೆ. ಕರ್ಚೀಫು ಹಿಂದಿನ ಜೇಬಿನಲ್ಲಿ. ಕಣ್ಣಲ್ಲೂ ನೀರು. ಎದುರಿಗೆ ಚಾಮುಂಡಿ ಬೆಟ್ಟದ ತಿರುವು, ತಿರುವಿನ ಕಟ್ಟೆ ಮೇಲೆ ಒಂದು ಕೋತಿ. ಅದು ಮರಿಯನ್ನು ಹೊಟ್ಟೆಗೆ ಒತ್ತಿಕೊಂಡು, ಮೈ ಮುದುಡಿಕೊಂಡು ಬೆಚ್ಚಗೆ ಕೂತಿತ್ತು. ನನ್ನನ್ನು ನೋಡಿದ ರೀತಿಯಲ್ಲಿ ಸ್ವಲ್ಪ ಕನಿಕರವಿತ್ತು ಅಂತ ಈಗಲೂ ಅನುಮಾನ.

ಧನುರ್ಮಾಸ. ದೇವರನ್ನೇ ಕತ್ತಲಲ್ಲಿ ಎಬ್ಬಿಸಿ, ಬಿಸಿ ಹುಗ್ಗಿ ಕೊಟ್ಟು ಸಮಾಧಾನ ಮಾಡುವ ಕಾಲ. ಅಂಥ ಹೊತ್ತಿನಲ್ಲಿ ನಾನು ಯಾಕೆ ಬೆಟ್ಟಕ್ಕೆ ಸೈಕಲ್ ತುಳಿಯುತ್ತೇನೆ ಅಂತ ಮನೆಯಲ್ಲೂ ಕೇಳುತ್ತಾರೆ. ಅದು ಬಿಡಿ. ಮಾಗಿ ಚಳಿಯಲ್ಲಿ ಸೈಕಲ್ ಮೇಲೆ ಬೆಚ್ಚಗಿರುವುದು ಹೇಗೆ ಅನ್ನುವುದು ನನಗೆ ಕೊನೆಗೂ ಗೊತ್ತಾಗಿದೆ, ಅದನ್ನು ಹೇಳೋಣ ಅಂತ ಕೂತಿದ್ದೇನೆ.

ಹತ್ತುವಾಗ ಚಳಿಯ ಮಾತೇ ಇಲ್ಲ. ಬೆಟ್ಟ ಊರಿಗಿಂತ ಸುಮಾರು 300 ಮೀಟರ್ ಮೇಲಿದೆ. ಅರ್ಧ ದಾರಿಗೆ ಸ್ವೆಟರ್ ಸೊಂಟಕ್ಕೆ ಬಂದಿರುತ್ತದೆ, ಬನೀನು ಹಿಂಡುವ ಹಾಗಾಗಿರುತ್ತದೆ. ಮೇಲೆ ಹೋಗಿ ಒಂದು ಕಾಫಿ ಕುಡಿದು ಇಳಿಯಲು ಶುರು ಮಾಡಿದಿರೋ, ಅದೇ ಬೆವರು ತಣ್ಣೀರು ಪಟ್ಟಿಯಾಗಿ ಎದೆಗೆ ಅಂಟಿಕೊಳ್ಳುತ್ತದೆ. ಕಾಲಿಗೆ ಕೆಲಸವಿಲ್ಲ. ಕೆಲಸವೆಲ್ಲ ಗಾಳಿಯದು. ಹತ್ತು ಡಿಗ್ರಿ ಚಳಿಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿ ಬಡಿದರೆ ಚರ್ಮಕ್ಕೆ 6 ಡಿಗ್ರಿಯ ಹಾಗೆ ಅನಿಸುತ್ತದಂತೆ. ಮೈಸೂರಿನಲ್ಲಿ ಹತ್ತು ಡಿಗ್ರಿ ಆಗುವುದು ಅಪರೂಪ. ಆದರೂ ಚಳಿಯ ವಿಷಯದಲ್ಲಿ ಸ್ವಲ್ಪ ಹೆಚ್ಚು ಮಾಡಿ ಹೇಳದಿದ್ದರೆ ಯಾರೂ ಕೇಳುವುದಿಲ್ಲ.

ಮಗಳಂತೂ ಕೇಳುವುದೇ ಇಲ್ಲ. ಅವಳಿರುವುದು ಅಮೆರಿಕದ ಮಿನ್ನೆಸೋಟದಲ್ಲಿ. "ಹದಿನಾಲ್ಕು ಡಿಗ್ರಿಗೆ ಚಳಿ ಅಂತೀಯಲ್ಲಪ್ಪಾ, ಇಲ್ಲಿ ಅಷ್ಟಾದ್ರೆ ಜನ ಚಡ್ಡಿ ಹಾಕ್ಕೊಂಡು ಓಡಾಡ್ತಾರೆ" ಅಂತ ನಗುತ್ತಾಳೆ. ಫಿನ್ಲೆಂಡಿನ ಔಲು ಎಂಬ ಊರಿನ ವಿಡಿಯೋ ಬೇರೆ ಕಳಿಸಿದ್ದಾಳೆ. ಅಲ್ಲಿ ಮಕ್ಕಳು ಹಿಮದ ಮೇಲೆ ಸೈಕಲ್ ತುಳಿದುಕೊಂಡು ಸ್ಕೂಲಿಗೆ ಹೋಗುತ್ತವೆ. ಚಳಿಗಾಲದ ಸೈಕಲ್ ಸವಾರಿಗೆಂದೇ 2013ರಲ್ಲಿ ಅಲ್ಲೊಂದು ಸಮ್ಮೇಳನವೂ ನಡೆದಿತ್ತು. ಆಗಲಿ, ಸಂತೋಷ. ಆ ಮಕ್ಕಳು ಬಸವನಗುಡಿಯ ಹತ್ತಿ ಬನೀನು ಹಾಕಿಕೊಂಡು ಚಾಮುಂಡಿ ಬೆಟ್ಟ ಇಳಿದು ತೋರಿಸಲಿ.

ಇನ್ನು ಬೆಟ್ಟದ ಮೇಲೆ ಸಿಗುವ ಹುಡುಗರು. ಬೈಕಿನಷ್ಟು ಬೆಲೆಯ ಸೈಕಲ್, ಕಪ್ಪು ಕನ್ನಡಕ. ನನ್ನ ಮಂಕಿ ಕ್ಯಾಪ್ ನೋಡಿದ ತಕ್ಷಣ ಪಾಠ ಶುರು. ಮಂಕಿ ಕ್ಯಾಪ್ ಮೇಲೆ ಹೆಲ್ಮೆಟ್ ಕೂರುವುದಿಲ್ಲ, ನಿಜ. ಕೂತರೂ ಕಜ್ಜಾಯದ ಮೇಲೆ ಬಟ್ಟಲು ಕವುಚಿದ ಹಾಗೆ ಕಾಣುತ್ತದೆ, ಅದೂ ನಿಜ. "ಅಂಕಲ್, ಲೇಯರ್ ಹಾಕ್ಬೇಕು ಅಂಕಲ್. ಬೇಸ್ ಲೇಯರ್, ಮಿಡ್ ಲೇಯರ್, ಮೇಲೆ ವಿಂಡ್ ಚೀಟರ್." ಗ್ಲೌಸಿನ ಬೆಲೆ ಕೇಳಿದೆ. ಹೇಳಿದ. ಆ ದುಡ್ಡಿಗೆ ನಾನು ಹೈಸ್ಕೂಲಿನಲ್ಲಿ ಓಡಿಸುತ್ತಿದ್ದ ಅಟ್ಲಾಸ್ ಸೈಕಲ್ ನಾಲ್ಕು ಬರುತ್ತಿತ್ತು. ಡೈನಮೋ ಸಮೇತ.

ನನಗೆ ದಾರಿ ತೋರಿಸಿದವರು ಬ್ಯಾಂಕಿನಿಂದ ರಿಟೈರ್ ಆದ ಗೆಳೆಯರೊಬ್ಬರು. "ಪೇಪರ್ ಇಟ್ಕೊಳ್ರೀ ಎದೆಗೆ" ಅಂದರು. ತಮಾಷೆ ಅಂದುಕೊಂಡೆ. ಅಲ್ಲ. ಟೂರ್ ದ ಫ್ರಾನ್ಸ್ ರೇಸಿನಲ್ಲಿ ಆಲ್ಪ್ಸ್ ಹತ್ತಿದ ಸವಾರರಿಗೆ ತುದಿಯಲ್ಲಿ ನಿಂತ ಜನ ಹಳೇ ಪೇಪರ್ ಕೊಡುತ್ತಿದ್ದರಂತೆ. ಅವರು ಅದನ್ನು ಅಂಗಿಯೊಳಗೆ ತುರುಕಿಕೊಂಡು ಇಳಿಯುತ್ತಿದ್ದರಂತೆ. ಪೇಪರ್ ಗಾಳಿ ತಡೆಯುತ್ತದೆ, ಬೆವರು ಹೀರುತ್ತದೆ. ಕೆಳಗೆ ಬಂದ ಮೇಲೆ ಎಸೆದರಾಯಿತು.

ಮರುದಿನ ಮೇಲೆ ಹೋದ ಮೇಲೆ ನೆನಪಾಯಿತು, ಪೇಪರೇ ತಂದಿಲ್ಲ. ಬಜ್ಜಿ ಅಂಗಡಿಯಾಕೆ ಆಗ ತಾನೇ ಒಲೆ ಹಚ್ಚುತ್ತಿದ್ದರು. ಪಕ್ಕದಲ್ಲಿ ಪೇಪರಿನ ಕಟ್ಟು.

"ಅಮ್ಮಾ, ಎರಡು ಪೇಪರ್ ಕೊಡ್ತೀರಾ?"

"ಬಜ್ಜಿ ತಕ್ಕೊಂಡ್ರೆ ಪೇಪರ್ ಸಾರ್. ಬರೀ ಪೇಪರ್ ಹೆಂಗೆ ಕೊಡ್ಲಿ?"

"ಎದೆಗೆ ಇಟ್ಕೊಳ್ಳಕ್ಕೆ."

ಆಕೆ ನನ್ನ ಮುಖ ನೋಡಿದರು. ಆಮೇಲೆ ಎದೆ ನೋಡಿದರು. ಹುಷಾರಿಲ್ಲದವನು ಅಂದುಕೊಂಡಿರಬೇಕು, ಸುಮ್ನೆ ಎರಡು ಹಾಳೆ ಕಿತ್ತುಕೊಟ್ಟರು. ಒಂದರ ಮೂಲೆಯಲ್ಲಿ ಎಣ್ಣೆ ಮೂಡಿತ್ತು. ಮಡಚಿ ಬನೀನಿನ ಮೇಲೆ, ಅಂಗಿಯ ಕೆಳಗೆ ತುರುಕಿದೆ. ಇಳಿದೆ. ಏನು ಹೇಳಲಿ! ಎದೆಯ ಮೇಲೆ ಯಾರೋ ಕೈ ಇಟ್ಟು "ಹೆದರಬೇಡ" ಅಂದ ಹಾಗೆ. ಲಲಿತಮಹಲಿನ ಬಿಳಿ ಗುಮ್ಮಟ ಮಂಜಿನಲ್ಲಿ ತೇಲುತ್ತಿದ್ದುದನ್ನು ಅವತ್ತೇ ಸರಿಯಾಗಿ ನೋಡಿದ್ದು. ಅಲ್ಲಿಯವರೆಗೆ ಆ ತಿರುವಿನಲ್ಲಿ ನನ್ನ ಕಣ್ಣು ಮುಚ್ಚಿಯೇ ಇರುತ್ತಿತ್ತು.

ಮನೆಗೆ ಬಂದು ಬನೀನು ಬಿಚ್ಚಿ ಹಾಕಿದೆ. ಹತ್ತು ನಿಮಿಷಕ್ಕೆ ಹೆಂಡತಿ ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಬಂದಳು. ಬೆವರಿಗೆ ಪೇಪರಿನ ಮಸಿ ಬಿಟ್ಟಿತ್ತು. ಸಣ್ಣಕ್ಷರ ಕಲಸಿಹೋಗಿತ್ತು. ದಪ್ಪಕ್ಷರ ಮಾತ್ರ ತಲೆಕೆಳಗಲ್ಲ, ಎಡಬಲ ತಿರುಗಿ ಮೂಡಿತ್ತು. ಅವಳು ಬಚ್ಚಲ ಕನ್ನಡಿಗೆ ಹಿಡಿದಳು.

"ವಧು ಬೇಕಾಗಿದ್ದಾಳೆ" ಅಂತ ಓದಿದಳು. "ಈ ವಯಸ್ಸಲ್ಲಿ. ಅದೂ ಎದೆ ಮೇಲೆ."

ಆ ಬನೀನು ಈಗ ನೆಲ ಒರೆಸುತ್ತದೆ.

ಅಲ್ಲಿಂದ ನಾನು ಪೇಪರಿನ ಪರೀಕ್ಷಕನಾದೆ. ಭಾನುವಾರದ ಪುರವಣಿಯೇ ಉತ್ತಮ. ಸೈಟು ಮಾರುವ ಜಾಹೀರಾತಿನ ನುಣುಪು ಹಾಳೆ ಗಾಳಿ ಚೆನ್ನಾಗಿ ತಡೆಯುತ್ತದೆ, ಆದರೆ ಬೆವರು ಕುಡಿಯುವುದಿಲ್ಲ, ಜಾರಿ ಹೊಟ್ಟೆಗೆ ಬರುತ್ತದೆ. ಸೋಮವಾರದ ಪೇಪರ್ ಬಡಕಲು. ಒಟ್ಟಿನಲ್ಲಿ ಈಗಿನ ಪೇಪರುಗಳೇ ತೆಳ್ಳಗಾಗಿವೆ, ಇದರ ಬಗ್ಗೆ ಯಾರಾದರೂ ಮಾತಾಡುತ್ತಾರಾ? ಎಲ್ಲರೂ ಸುದ್ದಿಯನ್ನು ಮೊಬೈಲಿನಲ್ಲೇ ಓದುತ್ತಾರೆ. ಮೊಬೈಲು ಎದೆಗಿಟ್ಟುಕೊಂಡು ಬೆಟ್ಟ ಇಳಿದು ನೋಡಿ, ಗೊತ್ತಾಗುತ್ತದೆ. ನಾನೂ ಕೊರೋನಾ ಕಾಲದಲ್ಲಿ ಪೇಪರ್ ನಿಲ್ಲಿಸಿದವನೇ. ಮತ್ತೆ ಹಾಕಿಸಲಿಲ್ಲ. ಶಿವರಾತ್ರಿ ಬಂದರೆ ಚಳಿ ಶಿವಶಿವಾ ಅಂತ ಓಡಿಹೋಗುತ್ತೆ, ಎರಡು ತಿಂಗಳಿಗೆ ಯಾಕೆ ಚಂದಾ ಅಂತ.

ಆದ್ದರಿಂದ ಪಕ್ಕದ ಮನೆಯವರ ಪೇಪರು.

ಪೂರ್ತಿ ಅಲ್ಲ, ಪುರವಣಿ ಮಾತ್ರ. ಅವರು ಏಳುವುದು ಏಳು ಗಂಟೆಗೆ. ಐದೂಮುಕ್ಕಾಲಿಗೆ ಪೇಪರ್ ಅವರ ಗೇಟಿನೊಳಗೆ ಬಿದ್ದಿರುತ್ತದೆ. ನನ್ನ ಕೈ ಗ್ರಿಲ್ಲಿನ ಸಂದಿಯಲ್ಲಿ ಸಲೀಸಾಗಿ ಹೋಗುತ್ತದೆ.

ಕಳೆದ ಭಾನುವಾರ ವಾಪಸ್ ಬರುವಾಗ ಅವರು ಮಫ್ಲರ್ ಸುತ್ತಿಕೊಂಡು ಗೇಟಿನಲ್ಲೇ ನಿಂತಿದ್ದರು. "ನೋಡಿ ಸಾರ್, ಮೂರು ವಾರದಿಂದ ಪೇಪರ್ ಹುಡುಗ ಪುರವಣಿನೇ ಹಾಕ್ತಿಲ್ಲ" ಅಂದರು. ಸೈಕಲ್ ನಿಲ್ಲಿಸಿದೆ. "ಈಗಿನ ಹುಡುಗರೇ ಹಂಗೆ ಸಾರ್, ಜವಾಬ್ದಾರಿ ಇಲ್ಲ" ಅಂದೆ. ಅಷ್ಟಕ್ಕೇ ಸುಮ್ಮನಾಗದೆ ಕೈ ಬೀಸಿ ಇನ್ನೊಂದು ಮಾತೂ ಆಡಿದೆ. ಅಂಗಿಯೊಳಗೆ ಪರಪರ ಅಂತು.

"ಏನ್ ಸಾರ್ ಅದು ಸದ್ದು?"

"ಚೈನಿಗೆ ಎಣ್ಣೆ ಹಾಕ್ಬೇಕು" ಅಂದೆ.

ಅವರು ಬಗ್ಗಿ ನನ್ನ ಚೈನು ನೋಡತೊಡಗಿದರು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ.