ಪಿಂಕ್ ಫ್ಲಾಯ್ಡ್ ಜಗಳದಲ್ಲಿ ಮೂರನೆಯವನ ಪರವಾಗಿ

ಮತ್ತೆ ಅದೇ ಜಗಳ, ಇಂಗ್ಲೆಂಡಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್ ಬಗ್ಗೆ. ಭಾನುವಾರ ಮನೆಗೆ ಬಂದ ಭಾಮೈದ ಕಾಫಿ ಲೋಟ ಕೆಳಗಿಡೋ ಮುಂಚೆಯೇ ಶುರು ಹಚ್ಕೊಂಡ. "ಏನೇ ಹೇಳಿ ಭಾವ, ಅವರ 'ದ ವಾಲ್' ಆಲ್ಬಂ ಮುಂದೆ ಮಿಕ್ಕಿದ್ದೆಲ್ಲ ನೀರು ಮಜ್ಜಿಗೆ." 2002ರಲ್ಲಿ, ಆ ಬ್ಯಾಂಡಿನಲ್ಲಿದ್ದ ರೋಜರ್ ವಾಟರ್ಸ್ ಬೆಂಗಳೂರಿಗೆ ಬಂದು ಹಾಡಿದಾಗ ಇವನು ಹೋಗಿ ಕೇಳಿದ್ದ. ಅಲ್ಲಿಂದ ಈಚೆಗೆ ಈ ವಿಷಯದಲ್ಲಿ ಇವನದೇ ಕೊನೇ ಮಾತು ಅಂತ ತಿಳ್ಕೊಂಡಿದ್ದಾನೆ.

ಪಿಂಕ್ ಫ್ಲಾಯ್ಡ್ ಕೇಳೋರಲ್ಲಿ ಎರಡು ಪಂಗಡ ಇರೋದು ನಿಮಗೂ ಗೊತ್ತು. ವಾಟರ್ಸ್ ಕಡೆಯವರಿಗೆ ಸಾಹಿತ್ಯ ದೊಡ್ಡದು, ಡೇವಿಡ್ ಗಿಲ್ಮೋರ್ ಕಡೆಯವರಿಗೆ ಗಿಟಾರು. ನಾನು ಕೀಬೋರ್ಡ್ ಹಿಂದೆ ತಲೆ ತಗ್ಗಿಸಿ ಕೂತಿದ್ದ ರಿಚರ್ಡ್ ರೈಟ್ ಪಕ್ಷ. ಈ ಪಕ್ಷಕ್ಕೆ ಠೇವಣಿಯೂ ವಾಪಸ್ ಬರಲ್ಲ, ಆದ್ರೂ ನಿಂತಿದ್ದೀನಿ.

'ಡಾರ್ಕ್ ಸೈಡ್ ಆಫ್ ದ ಮೂನ್' ಆಲ್ಬಂ ತಗೊಳ್ಳಿ. 1973ರಲ್ಲಿ ಬಂದದ್ದು. ಹೆಚ್ಚು ಮಾರಾಟವಾಗೋ ಆಲ್ಬಂಗಳ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 1988ರ ತನಕ ಒಟ್ಟು 741 ವಾರ ಇತ್ತು. ಎಲ್ಲರೂ ಹೊಗಳೋದು ವಾಟರ್ಸ್ ಬರೆದ ಸಾಲುಗಳನ್ನ, 'ಮನಿ' ಹಾಡಿನ ಏಳು ಎಣಿಕೆಯ ನಡೆಯನ್ನ. ಸರಿ. ಆದ್ರೆ ಆ ಆಲ್ಬಂ ಎದೆ ಹಿಂಡೋ ಎರಡು ಜಾಗ ಯಾವುದು? 'ಅಸ್ ಆ್ಯಂಡ್ ದೆಮ್', 'ದ ಗ್ರೇಟ್ ಗಿಗ್ ಇನ್ ದ ಸ್ಕೈ'. ಎರಡರ ಸಂಗೀತಕ್ಕೂ ತಳಪಾಯ ರೈಟ್‌ನ ಪಿಯಾನೊ. ಮೊದಲನೆಯದನ್ನ ಅವನು ಇಟಲಿಯ ನಿರ್ದೇಶಕ ಆಂಟೋನಿಯೋನಿಯ 'ಝಬ್ರಿಸ್ಕಿ ಪಾಯಿಂಟ್' ಸಿನಿಮಾಗೆ ಅಂತ ಮಾಡಿದ್ದ. ತುಂಬಾ ದುಃಖದ ಧಾಟಿ ಆಯ್ತು ಅಂತ ನಿರ್ದೇಶಕ ಬೇಡ ಅಂದ. ಅದು ಹಾಗೇ ಮೂಲೆಯಲ್ಲಿದ್ದು ಇಲ್ಲಿ ಎದ್ದು ಬಂತು. ಅದೇ ಆಲ್ಬಂನ 'ಬ್ರೀದ್' ಹಾಡಲ್ಲಿ ಬರೋ ಒಂದು ಕಾರ್ಡ್, ಅಂದ್ರೆ ಒಟ್ಟಿಗೆ ನುಡಿಸೋ ಸ್ವರಗಳ ಗೊಂಚಲು, ಜಾಝ್ ಸಂಗೀತಗಾರ ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ' ಆಲ್ಬಂನಿಂದ ಬಂದದ್ದು ಅಂತ ರೈಟೇ ಹೇಳಿಕೊಂಡಿದ್ದಾನೆ. ರಾಕ್ ಬ್ಯಾಂಡಿನ ಒಳಗೆ ಜಾಝ್ ಕೇಳ್ಕೊಂಡು ಬೆಳೆದವನೊಬ್ಬ ಇದ್ದದ್ದಕ್ಕೆ ಆ ಆಲ್ಬಂಗೆ ಅಂಥ ಉಸಿರು.

'ಗ್ರೇಟ್ ಗಿಗ್'ನಲ್ಲಿ ಮಾತೇ ಇಲ್ಲದೆ ಕೂಗಿ, ಅತ್ತು, ಸುಸ್ತಾಗಿ ಮಲಗೋ ದನಿ ಕೂಲಿಗೆ ಹಾಡೋಕೆ ಬಂದ ಗಾಯಕಿ ಕ್ಲೇರ್ ಟೋರಿಯದು. ಭಾನುವಾರದ ರೆಕಾರ್ಡಿಂಗು ಅಂತ ಡಬಲ್ ಕೂಲಿ: 30 ಪೌಂಡ್. ತಾನು ಹಾಡಿದ್ದನ್ನ ಇವರು ಬಳಸೋದೇ ಇಲ್ಲ ಅಂದ್ಕೊಂಡು ಹೋದವಳಿಗೆ, ಅಂಗಡಿಯಲ್ಲಿ ಆಲ್ಬಂ ತಿರುಗಿಸಿ ನೋಡಿದಾಗಲೇ ಗೊತ್ತಾಗಿದ್ದು. ಹಾಡಿನ ರಚನೆಯಲ್ಲಿ ತನ್ನದೂ ಪಾಲಿದೆ ಅಂತ ಅವಳು ಕೋರ್ಟಿಗೆ ಹೋದದ್ದು 2004ರಲ್ಲಿ. ಮರುವರ್ಷ ರಾಜಿಯಾಗಿ, ಈಗ ಸಂಯೋಜಕರ ಹೆಸರಲ್ಲಿ ರೈಟ್ ಜೊತೆ ಅವಳದೂ ಇದೆ. ವಾಟರ್ಸಾ ಗಿಲ್ಮೋರಾ ಅಂತ ಗಂಟಲು ಹರ್ಕೊಳ್ಳೋರು ಈ ಹಾಡನ್ನ ಯಾರ ಲೆಕ್ಕಕ್ಕೆ ಬರೀತಾರೆ ಅಂತ ನಂಗೆ ಕುತೂಹಲ.

ಭಾಮೈದ ಬಿಡಲಿಲ್ಲ. "ಹಾಗಾದ್ರೆ 'ಅನಿಮಲ್ಸ್'? ಅದ್ರಲ್ಲಿ ನಿಮ್ಮ ರೈಟ್ ಹೆಸ್ರಲ್ಲಿ ಒಂದು ಹಾಡೂ ಇಲ್ಲ. ಆದ್ರೂ ಮಸ್ತಾಗಿಲ್ವಾ?"

ಹೌದು, ಇಲ್ಲಿ ನಾನು ಸ್ವಲ್ಪ ತಡವರಿಸಿದೆ. 1977ರ ಆ ಆಲ್ಬಂ ನಂಗೂ ಇಷ್ಟ. ಆದ್ರೆ ಅದರ 'ಶೀಪ್' ಹಾಡಿನ ಶುರುವಲ್ಲಿ ಒಂಟಿಯಾಗಿ ಬರೋ ಎಲೆಕ್ಟ್ರಿಕ್ ಪಿಯಾನೊ ಇದೆಯಲ್ಲ, ಸಂಜೆ ಹೊತ್ತು ಬಯಲಲ್ಲಿ ನಿಂತ ಹಾಗಾಗುತ್ತೆ, ಅದು ರೈಟ್ ನುಡಿಸಿದ್ದು. ಕಾಗದದ ಮೇಲೆ ಹೆಸರಿಲ್ಲ ಅಷ್ಟೆ. ನಮ್ಮ ಕಛೇರಿಗಳಲ್ಲೂ ಪಕ್ಕವಾದ್ಯದವರು ರಾಗಕ್ಕೆ ಹೊಸ ದಾರಿ ತೋರಿಸಿ, ಚಪ್ಪಾಳೆ ಹಾಡುಗಾರರಿಗೆ ಹೋದದ್ದು ಎಷ್ಟು ಸಲ ನೋಡಿಲ್ಲ.

'ದ ವಾಲ್' ಬಗ್ಗೆ ಜಾಸ್ತಿ ಹೇಳಲ್ಲ. ಅದರಲ್ಲಿ 'ಕಂಫರ್ಟಬ್ಲಿ ನಂಬ್' ಹಾಡಿದೆ, ಒಪ್ಪಿದೆ. ಉಳಿದಂತೆ ಒಬ್ಬನೇ ಮೈಕ್ ಹಿಡ್ಕೊಂಡು ಎರಡು ಎಲ್‌ಪಿ ಉದ್ದ ಗೋಳು ತೋಡ್ಕೊಂಡ ಹಾಗೆ ಕೇಳುತ್ತೆ ನಂಗೆ. ಆ ರೆಕಾರ್ಡಿಂಗ್ ಹೊತ್ತಲ್ಲೇ, 1979ರಲ್ಲಿ, ವಾಟರ್ಸ್ ಪಟ್ಟು ಹಿಡಿದು ರೈಟ್‌ನನ್ನ ಬ್ಯಾಂಡಿನಿಂದ ಕಳಿಸಿದ. ಆಗ ಅವನೂ ಮೈಮುರಿದು ಕೆಲಸ ಮಾಡ್ತಿರಲಿಲ್ಲ ಅಂತಾರೆ, ಇರಬಹುದು. ಆಮೇಲಿನ ಶೋಗಳಿಗೆ ಸಂಬಳದ ಆಳಾಗಿ ಬಂದು ನುಡಿಸಿದ. ಮಜಾ ನೋಡಿ, ಆ ಶೋಗಳು ಭಾರೀ ನಷ್ಟ. ಬ್ಯಾಂಡಿನಲ್ಲಿ ಉಳಿದಿದ್ದ ಮಾಲೀಕರು ಮೂವರೂ ಕೈಯಿಂದ ಕಳ್ಕೊಂಡ್ರು, ದುಡ್ಡು ಎಣಿಸ್ಕೊಂಡು ಮನೆಗೆ ಹೋದವನು ಸಂಬಳದವನೊಬ್ಬನೇ!

ನನ್ನ ಓಟು 1975ರ 'ವಿಶ್ ಯೂ ವರ್ ಹಿಯರ್'ಗೆ. 'ಶೈನ್ ಆನ್ ಯೂ ಕ್ರೇಜಿ ಡೈಮಂಡ್' ಒಂಬತ್ತು ಭಾಗದ್ದು, 26 ನಿಮಿಷ. ಅದನ್ನ ಎರಡಾಗಿ ಸೀಳಿ ಆಲ್ಬಂನ ಮೊದಲಿಗೂ ಕೊನೆಗೂ ಇಟ್ಟಿದ್ದಾರೆ. ಗಿಲ್ಮೋರನ ಆ ಪ್ರಸಿದ್ಧ ನಾಲ್ಕು ಸ್ವರ ಬರೋಕೆ ಹೆಚ್ಚುಕಮ್ಮಿ ನಾಲ್ಕು ನಿಮಿಷ ಕಾಯಬೇಕು, ಮೊದಲ ಮಾತಿಗೆ ಎಂಟು ನಿಮಿಷ ದಾಟಬೇಕು. ಅಲ್ಲಿ ತನಕ ರೈಟ್‌ನ ಕೀಬೋರ್ಡು ಮಂಜಿನ ಹಾಗೆ ಹರಡಿಕೊಂಡಿರುತ್ತೆ.

ಹಾಡು ಇರೋದು ಅವರ ಹಳೇ ಗೆಳೆಯ ಸಿಡ್ ಬ್ಯಾರೆಟ್ ಮೇಲೆ. ಬ್ಯಾಂಡ್ ಕಟ್ಟಿದವನು, ಮನಸ್ಸು ಕೆಟ್ಟು ಹೊರಗೆ ಹೋದವನು. 1975ರ ಜೂನ್ 5ರಂದು ಅಬ್ಬೆ ರೋಡ್ ಸ್ಟುಡಿಯೋಗೆ ತಾನಾಗೇ ಬಂದು ಕೂತಿದ್ದ. ಮೈ ಊದಿತ್ತು, ತಲೆ ಬೋಳು, ಹುಬ್ಬೂ ಬೋಳಿಸಿತ್ತು. ರೈಟ್ ಒಳಗೆ ಬಂದು ನೋಡಿ ಯಾರೋ ವಾಟರ್ಸ್ ಸ್ನೇಹಿತ ಅಂದ್ಕೊಂಡನಂತೆ. ಅವನ್ಯಾರು ಗೊತ್ತಾಯ್ತಾ, ಯೋಚನೆ ಮಾಡು ಅಂತ ವಾಟರ್ಸ್ ಹೇಳಿದ ಮೇಲೇ ಹೊಳೆದದ್ದು.

ಆ ಹಾಡಿನ ಒಂಬತ್ತನೇ ಭಾಗ ರೈಟ್ ಒಬ್ಬನದೇ ರಚನೆ. ಎಲ್ಲ ಮುಗಿದು ಸದ್ದು ಕರಗ್ತಾ ಹೋಗುವಾಗ, ತೀರಾ ಕೊನೆಯಲ್ಲಿ, ಅವನ ಸಿಂಥಸೈಜರಿನಲ್ಲಿ ಒಂದು ಚಿಕ್ಕ ತುಣುಕು ಬರುತ್ತೆ: ಸಿಡ್ 1967ರಲ್ಲಿ ಬರೆದ 'ಸೀ ಎಮಿಲಿ ಪ್ಲೇ' ಹಾಡಿನ ಧಾಟಿ. ವಾಲ್ಯೂಮ್ ಪೂರ್ತಿ ಏರಿಸಿ, ಫ್ಯಾನ್ ಆರಿಸಿ ಕೂತ್ರೆ ಮಾತ್ರ ಸಿಗುತ್ತೆ. ನಿನ್ನೆ ರಾತ್ರಿ ಹಾಗೇ ಕೂತಿದ್ದೆ. ಸೆಖೆಗೆ ಎಚ್ಚರ ಆದ ಮನೆಯವಳು ಬಂದು ನೋಡಿ, ಏನೂ ಕೇಳದೆ ವಾಪಸ್ ಹೋದಳು.

ಬೆಳಿಗ್ಗೆ ಭಾಮೈದನಿಗೆ ಮೆಸೇಜ್ ಹಾಕಿದೆ, ಕೊನೇ ಅರ್ಧ ನಿಮಿಷ ಕೇಳು ಅಂತ. ಮಧ್ಯಾಹ್ನ ಉತ್ತರ ಬಂತು: "ಏನೂ ಕೇಳಿಸ್ಲಿಲ್ಲ ಭಾವ, ಬಸ್ಸಲ್ಲಿದ್ದೆ."