ಆಕ್ಟೇವಿಯಾ ಆರ್‌ಎಸ್‌ಗೆ 60 ಮಿ.ಮೀ. ಬೇಡ, 30 ಸಾಕು

ಸ್ಕೋಡಾದ ಮೊದಲ ತಲೆಮಾರಿನ 1.8 ಟರ್ಬೊ ಆಕ್ಟೇವಿಯಾ ಆರ್‌ಎಸ್ ಕಾರಿನ ಎತ್ತರವನ್ನು 60 ಮಿ.ಮೀ. ಇಳಿಸುವ ಸ್ಪ್ರಿಂಗ್ ಹಾಕಿ, ಶಾಕ್ ಅಬ್ಸಾರ್ಬರ್ ಹಳೆಯದೇ ಇರಲಿ ಎಂದು ಒಂದು ಲೇಖನ ಸಲಹೆ ಕೊಟ್ಟಿದೆ; ದಯವಿಟ್ಟು ಯಾರೂ ಅದನ್ನು ಪಾಲಿಸಬೇಡಿ, 30 ಮಿ.ಮೀ. ಇಳಿಸಿದರೆ ಸಾಕು.

ಸ್ಪ್ರಿಂಗ್ ಕಿಟ್ ಮೇಲಿನ ಅಂಕಿ ಸಾಮಾನ್ಯವಾಗಿ ಮಾಮೂಲಿ ಮಾಡೆಲ್‌ನ ಎತ್ತರದಿಂದ ಅಳೆದದ್ದು. ಆರ್‌ಎಸ್ ಕಾರ್ಖಾನೆಯಿಂದಲೇ ತುಸು ತಗ್ಗಾಗಿ ಬರುತ್ತದೆ. ಆದ್ದರಿಂದ ಹಬ್ (ಚಕ್ರದ ನಡುಭಾಗ) ಮಧ್ಯದಿಂದ ಫೆಂಡರ್ (ಚಕ್ರದ ಮೇಲಿನ ತಗಡು) ಅಂಚಿನವರೆಗೆ ನಾಲ್ಕೂ ಕಡೆ ಮೊದಲೇ ಅಳೆದು ಬರೆದಿಡಿ.

ಮುಂದಿನ ಚಕ್ರಗಳಿಗೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್, ಶಾಕ್ ಎರಡೂ ಒಂದೇ ಕಂಬದಲ್ಲಿರುವ ಜೋಡಣೆ. ತೀರಾ ಇಳಿಸಿದರೆ ಲೋವರ್ ಆರ್ಮ್‌ನ (ಚಕ್ರವನ್ನು ಗಾಡಿಗೆ ಜೋಡಿಸುವ ಕೆಳತೋಳು) ಹೊರತುದಿ ಮೇಲಾಗುತ್ತದೆ, ರೋಲ್ ಸೆಂಟರ್ (ಗಾಡಿ ಪಕ್ಕಕ್ಕೆ ವಾಲುವ ಕೇಂದ್ರಬಿಂದು) ಗುರುತ್ವಕೇಂದ್ರಕ್ಕಿಂತಲೂ ಹೆಚ್ಚು ಕುಸಿದು ಎರಡರ ಅಂತರ ಹೆಚ್ಚುತ್ತದೆ. ಹಾಗಾಗಿ ಸ್ಪ್ರಿಂಗ್ ಗಟ್ಟಿಯಿದ್ದರೂ ತಿರುವಿನಲ್ಲಿ ವಾಲುವುದು ನೀವು ಅಂದುಕೊಂಡಷ್ಟು ತಗ್ಗುವುದಿಲ್ಲ. ಡ್ರೈವ್‌ಶಾಫ್ಟ್ (ಚಕ್ರ ತಿರುಗಿಸುವ ದಂಡ) ಆಂಟಿ-ರೋಲ್ ಬಾರ್‌ಗೆ (ವಾಲುವುದನ್ನು ತಗ್ಗಿಸುವ ಸರಳು) ತಾಗುವುದೂ ಉಂಟು. ನಮ್ಮ ಹಂಪ್‌ಗಳ ಮಾತು ಬೇರೆಯೇ.

ಸವೆದ ಶಾಕ್‌ಗಳು ಗಟ್ಟಿ ಸ್ಪ್ರಿಂಗ್‌ನ ಚಿಮ್ಮುವಿಕೆ ತಡೆಯಲಾರವು, ನಾಲ್ಕನ್ನೂ ಬದಲಿಸಿ. ಸ್ಟ್ರಟ್ ಮೌಂಟ್ (ಸ್ಟ್ರಟ್‌ನ ಮೇಲ್ತುದಿಯ ಹಿಡಿಕೆ), ಅದರ ಬೇರಿಂಗ್ ಕೂಡ ಆಗಲೇ ಹೊಸದಾಗಲಿ, ಇಲ್ಲದಿದ್ದರೆ ಅದೇ ಕೆಲಸಕ್ಕೆ ಎರಡು ಸಲ ಕೂಲಿ. ಬಂಪ್ ಸ್ಟಾಪನ್ನು (ಸಸ್ಪೆನ್ಷನ್ ಪೂರ್ತಿ ಕುಗ್ಗಿದಾಗ ಹೊಡೆತ ತಡೆಯುವ ತುಂಡು) ಸ್ಪ್ರಿಂಗ್ ತಯಾರಕರು ಹೇಳಿದಷ್ಟೇ ಕತ್ತರಿಸಿ.

ಬಹಳ ಮಂದಿ ತಪ್ಪುವುದು ಇಲ್ಲಿ: ಲೋವರ್ ಆರ್ಮ್ ಬೋಲ್ಟ್‌ಗಳ ಕೊನೆಯ ಬಿಗಿತ ಗಾಡಿ ಚಕ್ರದ ಮೇಲೆ ನಿಂತಾಗಲೇ ಆಗಬೇಕು. ಜಾಕ್ ಮೇಲೆ ತೂಗಾಡುವಾಗ ಬಿಗಿದರೆ ಬುಷ್‌ನ (ಆರ್ಮ್‌ನ ಕೀಲಿನಲ್ಲಿರುವ ಮೆತ್ತೆ) ರಬ್ಬರ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ.

ಸ್ಪ್ರಿಂಗ್ ಕೂರಲು ಕೆಲವು ದಿನ ಓಡಿಸಿ, ಆಮೇಲೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ.